ಬಲ್ಲವರ ಪುಸ್ತಕ

ನಮ್ಮ ಭಾವನಿಗೆ ಗಡಿ ಠಾಣೆಯಲ್ಲಿ ಇಟ್ಟ ಅಡ್ಡಹೆಸರು ‘ಠಸ್ಸೆ’. ಇಪ್ಪತ್ತೆಂಟು ವರ್ಷ ಒಂದೇ ಕಿಟಕಿಯಲ್ಲಿ ಕೂತು ಪಾಸ್‌ಪೋರ್ಟಿಗೆ ಠಸ್ಸೆ ಒತ್ತಿದವರು. ಪಕ್ಕದ ಕಿಟಕಿ ನನ್ನದು. ದಿನವೂ ಗಡಿ ದಾಟುವವರ ಮುಖ ಕಂಡ ಕೂಡಲೇ ಭಾವ “ಮೊಮ್ಮಗು ನಡೆಯುತ್ತಾ?” ಎಂದು ವಿಚಾರಿಸಿ ದಾಟಿಸುತ್ತಿದ್ದರು.

ಬೆರಳಿನ ಗುರುತು ನೋಡುವ ಯಂತ್ರ ಬಂದಾಗ “ನಾವೇನು ಕಳ್ಳರಾ?” ಎಂದು ಜನ ಗೊಣಗಿದರು. ಮನುಷ್ಯ ಮುಲಾಜಿಗೆ ಬೀಳುತ್ತಾನೆ, ಯಂತ್ರ ಬೀಳುವುದಿಲ್ಲ ಎಂದರು ಸಾಹೇಬರು. ಎಲ್ಲರಿಗಿಂತ ಹಿಗ್ಗಿದವರು ಭಾವ. “ಇದಕ್ಕೆ ನೆಂಟರೂ ಇಲ್ಲ, ಇಷ್ಟರೂ ಇಲ್ಲ ಕಣೋ” ಎನ್ನುತ್ತ ದಿನಕ್ಕೆರಡು ಸಲ ಅದರ ಗಾಜು ಒರೆಸುತ್ತಿದ್ದರು. ಮನೆ ಅಳಿಯನಿಗೂ ಅಷ್ಟು ಉಪಚಾರ ಸಿಕ್ಕದು.

ಯಂತ್ರ ಒಪ್ಪದವರಿಗಾಗಿ ಮೇಜಿನ ಖಾನೆಯಲ್ಲೊಂದು ಪುಸ್ತಕವಿತ್ತು. ‘ಇವರನ್ನು ನಾವು ಬಲ್ಲೆವು’ ಎಂದು ಇಬ್ಬರು ನೌಕರರು ಸಹಿ ಹಾಕಿದರೆ ಬಿಡಬಹುದು. ಆದರೆ ಪ್ರಶಂಸಾಪತ್ರ ಸಿಗುವುದು ಪುಸ್ತಕ ಖಾಲಿಯಿರುವ ಠಾಣೆಗೆ. ನಮಗೂ ಸಿಕ್ಕಿತ್ತು. ಭಾವನೇ ಮೊಳೆ ಹೊಡೆದು ಗೋಡೆಗೆ ತೂಗುಹಾಕಿದ್ದರು.

ಆಸ್ಪತ್ರೆಯ ಬಟ್ಟೆ ಒಗೆಯುವ, ಠಾಣೆಯವರೆಲ್ಲ ‘ಅಕ್ಕ’ ಎಂದೇ ಕರೆಯುತ್ತಿದ್ದ ಹೆಂಗಸೊಬ್ಬರು ವಾರಕ್ಕೊಮ್ಮೆ ಗಡಿಯಾಚೆಗಿದ್ದ ತಂಗಿಯನ್ನು ನೋಡಿಬರುತ್ತಿದ್ದರು. ಒಂದು ಬೆಳಿಗ್ಗೆ, ತಂಗಿಗೆ ಕೊನೆಗಾಲವೆಂದು ಓಡಿ ಬಂದರು. ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ಬೆರಳಿನ ಗೆರೆಗಳು ಸವೆದಿದ್ದವು. ಅಷ್ಟು ದಿನ ಹೇಗೋ ಒಪ್ಪುತ್ತಿದ್ದ ಯಂತ್ರ ಅಂದು ಮೂರು ಸಲವೂ ಕೆಂಪು ದೀಪ ತೋರಿಸಿತು.

ಭಾವ ಖಾನೆಯ ಕಡೆ ನೋಡಿದರು, ಗೋಡೆಯ ಕಡೆ ನೋಡಿದರು, ನನ್ನ ಕಡೆಯೂ ನೋಡಿದರು. ನನಗೆ ಕಂಪ್ಯೂಟರಿನಲ್ಲಿ ಏನೋ ಕೆಲಸವಿತ್ತು.

“ಕೈಗೆ ಎಣ್ಣೆ ಹಚ್ಕೊಂಡು ನಾಳೆ ಬನ್ನಿ ಅಕ್ಕ,” ಎಂದರು.

“ಇಪ್ಪತ್ತು ವರ್ಷದಿಂದ ನೋಡ್ತಿದ್ದೀರಲ್ಲಪ್ಪ. ನಿಮಗೂ ನಾನು ಯಾರು ಅಂತ ಗೊತ್ತಾಗ್ಲಿಲ್ವಾ?”

ಮರುದಿನ ಹಸಿರು ದೀಪ ಬಂತು. ತಂಗಿ ಹಿಂದಿನ ಸಂಜೆಯೇ ತೀರಿಕೊಂಡಿದ್ದಳು. ಅವಳ ಮಕ್ಕಳನ್ನು ನೋಡಲು ಅಕ್ಕ ಈಗಲೂ ಹೋಗುತ್ತಾರೆ. ಬೆರಳಿಟ್ಟು ದಾಟುತ್ತಾರೆ, ನಮ್ಮ ಮುಖ ನೋಡುವುದಿಲ್ಲ.

ನಾನು ಭಾವನನ್ನು ಊಟಕ್ಕೆ ಕೂತಾಗಲೂ ಬಿಡಲಿಲ್ಲ. “ಒಂದು ಕಾಗದಕ್ಕೋಸ್ಕರ ಕರುಳು ಮಾರ್ಕೊಂಡ್ರಲ್ಲ” ಎಂದು ಹಂಗಿಸಿದೆ. ಅವರು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು.

ನಿವೃತ್ತಿಯ ದಿನ ಆ ಪುಸ್ತಕ ಹೊರತೆಗೆದರು. ಮೊದಲ ಪುಟದಲ್ಲಿ ಅಕ್ಕನ ಹೆಸರು, ಆ ಹಳೆಯ ತಾರೀಖು ಬರೆದು ಸಹಿ ಹಾಕಿದರು. ಆಮೇಲೆ ಅದನ್ನು ನನ್ನ ಕಡೆ ಸರಿಸಿದರು.

“ಅವತ್ತು ನಿನ್ನ ಕಡೆ ನೋಡಿದ್ದು ಇದಕ್ಕೇ ಕಣೋ. ನೀನು ತಲೆ ಎತ್ತಲಿಲ್ಲ.”

ನಿಜ, ಎತ್ತಿರಲಿಲ್ಲ. ಅವರು ನೋಡಿದ್ದು ಗೊತ್ತಿದ್ದೇ ಎತ್ತಿರಲಿಲ್ಲ. ಮೂರು ವರ್ಷ ತಡವಾಗಿ ಎರಡನೆಯ ಸಹಿ ಹಾಕಿದೆ.