ಜೀಪಿನ ಚಿಕ್ಕ ಗೇರು

ಪಲ್ಲವಿ, ಚೇತು — ಜೀಪು ಹಾಳುಮಾಡಿದ್ದು ನಂಜುಂಡನಲ್ಲ, ನಿಮ್ಮ ತಾತ. ನಿಮ್ಮಜ್ಜಿಯಾದ ನಾನು ಕಣ್ಣಾರೆ ಕಂಡಿದ್ದೆ. ಕಂಡೂ ಸುಳ್ಳು ಹೇಳಿದೆ.

ಮೊನ್ನೆ ನಿಮ್ಮ ತಾತನ ತಮ್ಮ ನಂಜುಂಡ ಬೀದಿಯಲ್ಲಿ ಹೋಗುವಾಗ ನೀವಿಬ್ಬರೂ "ನ್ಯೂಟ್ರಲ್ ನಂಜ" ಎಂದು ನಕ್ಕಿರಿ. ಬಾರಿಸಲು ಕೈ ಎತ್ತಿದೆ, ಇಳಿಸಿದೆ. ಆ ಹೆಸರು ಹುಟ್ಟಲು ಕಾರಣ ನನ್ನದೇ ಬಾಯಿ.

ಆಗ ನಮ್ಮ ಜೀಪು ಓಡಿಸುತ್ತಿದ್ದವನು ಅವನೇ. ನಾಲ್ಕೂ ಚಕ್ರಕ್ಕೆ ಎಳೆತವಿದ್ದ ಗಾಡಿ. ಲಾರಿ ಇಳಿಯದ ಕೆಸರಿನಿಂದಲೂ ಶುಂಠಿ ಮೂಟೆ ತರುತ್ತಿದ್ದ. ಇಂಜಿನ್ ಕೆಟ್ಟಾಗ ಅದನ್ನು ಟ್ರ್ಯಾಕ್ಟರ್ ಹಿಂದೆ ಕಟ್ಟಿ, ನಮ್ಮೂರು ಕೋಟೆಯಿಂದ ಹುಣಸೂರಿನ ಗ್ಯಾರೇಜಿಗೆ ಎಳೆದೊಯ್ಯುವುದೆಂದಾಯಿತು. ಎರಡರ ನಡುವೆ ಕಬ್ಬಿಣದ ಸಲಾಕೆ ಬಿಗಿದವನೂ ನಂಜುಂಡನೇ. ತವರಿಗೆ ಹೊರಟಿದ್ದ ನಾನು ಜೀಪಿನಲ್ಲಿ ಕೂತೆ. ಗ್ಯಾರೇಜಿಗೆ ತಿಳಿಸಲು ಬಸ್ಸಿನಲ್ಲಿ ಮುಂದೆ ಹೊರಟ ನಂಜುಂಡ, ದೊಡ್ಡ ಗೇರಿನ ಪಕ್ಕದ ಚಿಕ್ಕ ಕೋಲು ತೋರಿಸಿ ಹೇಳಿದ:

"ಅತ್ತಿಗೆ, ಈ ಚಿಕ್ಕ ಗೇರು ನ್ಯೂಟ್ರಲ್‌ನಾಗೇ ಇರ್ಬೇಕು. ಇಲ್ದಿದ್ರೆ ಚಕ್ರದ ಜೊತೆ ಗೇರ್‌ಬಾಕ್ಸೂ ತಿರುಗಿ ಪುಡಿಯಾಯ್ತದೆ. ನೀವೇ ಕಾವಲು ಕಣತ್ತಿಗೆ!"

ದಾರಿಯಲ್ಲಿ, ಇಳಿಜಾರಿನ ಟೀ ಅಂಗಡಿ ಬಳಿ ನಿಮ್ಮ ತಾತ ಟ್ರ್ಯಾಕ್ಟರ್ ನಿಲ್ಲಿಸಿದರು. ಜೀಪು ಜಾರದಿರಲೆಂದು ಬಂದು ಅದೇ ಚಿಕ್ಕ ಗೇರು ಹಾಕಿದರು. ಟೀ ಕುಡಿದು ನೆಟ್ಟಗೆ ಟ್ರ್ಯಾಕ್ಟರ್ ಹತ್ತಿದರು. ಗೇರು ಬಿಡಿಸುವುದನ್ನು ಅವರು ಮರೆತರು. ನಾನು ಮರೆತಿರಲಿಲ್ಲ. ಅಂಗಡಿ ತುಂಬ ಗಂಡಸರು — ಅವರ ಮುಂದೆ ಗಂಡನನ್ನು ಹೇಗೆ ಕೂಗುವುದು — ಕೂಗುವುದು ಬೇಡ, ನಾನೇ ಕೈ ಚಾಚಿ ಗೇರು ಎಳೆದಿದ್ದರೂ ಸಾಕಿತ್ತು. ಸೆರಗು ಹೊದ್ದು ಕೂತೆ. ಹುಣಸೂರಿನವರೆಗೂ ಕಾಲ ಕೆಳಗೆ ಕಬ್ಬಿಣ ಅರೆಯುತ್ತಿತ್ತು. ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು. ಆದರೂ ಕೂತೇ ಇದ್ದೆ.

ಗ್ಯಾರೇಜಿನ ಮೆಕ್ಯಾನಿಕ್ ಬಗ್ಗಿ ನೋಡಿ, "ಗೇರಲ್ಲೇ ಎಳ್ಕೊಂಡ್ ಬಂದವ್ರೆ. ಹೋಯ್ತು" ಎಂದ. ನಿಮ್ಮ ತಾತ ತಮ್ಮನ ಕೆನ್ನೆಗೆ ಹೊಡೆದರು.

"ಕುಡ್ದು ಕಟ್ಟಿದ್ದೀಯ ಕಣ್ಲಾ!"

"ಇಲ್ಲ ಕಣಣ್ಣ, ನ್ಯೂಟ್ರಲ್ ಮಾಡಿದ್ದೆ. ಅತ್ತಿಗೇನೇ ಕೇಳು."

ಎಲ್ಲರೂ ನನ್ನತ್ತ ತಿರುಗಿದರು. ನಾನು ಅಂದೆ: "ಗಾಡಿ ವಿಚಾರ ನಂಗೇನ್ ಗೊತ್ತು?"

ಸುತ್ತ ನಿಂತವರು ನಕ್ಕರು; "ನ್ಯೂಟ್ರಲ್ ನಂಜ" ಎಂಬ ಹೆಸರು ಅಲ್ಲೇ ಹುಟ್ಟಿತು. ನಂಜುಂಡ ನನ್ನನ್ನೇ ನೋಡಿದ. ಅಂದಿನಿಂದ ಯಾರೂ ಅವನ ಕೈಗೆ ಗಾಡಿಯ ಕೀ ಕೊಡಲಿಲ್ಲ. ಅಂಥ ಡ್ರೈವರ್ ಕಂಡವರ ಲಾರಿಗೆ ಮೂಟೆ ಹೊತ್ತ.

ನಿಮ್ಮ ತಾತನಿಗೆ ನೆನಪಾಗಲಿಲ್ಲವೇ? ಆಗಿತ್ತು. ನನ್ನನ್ನು ತವರಿನ ಬಸ್ಸು ಹತ್ತಿಸುವಾಗ ಮುಖ ನೋಡದೆ, "ಒಳ್ಳೇ ಮಾತಾಡ್ದೆ ಬುಡು" ಎಂದರು. ಆ ಮಾತಿಗೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ — ಮಾಡುತ್ತೇನೆ. ನನ್ನ ಮೇಲೆ ಇನ್ನೂ ಹೆಚ್ಚು. ಊರೆಲ್ಲ ನನ್ನನ್ನು ಬಾಯಿಲ್ಲದ ಹೆಂಗಸು ಎಂದು ಹೊಗಳಿತು. ಬೆಂಕಿ ಬೀಳಲಿ ಆ ಹೊಗಳಿಕೆಗೆ! ಸುಳ್ಳಿಗೆ ಬಾಯಿ ಇತ್ತಲ್ಲ.

ನಾಳೆ ನಂಜುಂಡನ ಮನೆಗೆ ಹೋಗುತ್ತೇನೆ. ಜಗಲಿಯಲ್ಲಿ ನಾಲ್ಕು ಜನ ಕೂತಿರುವಾಗಲೇ ಹೇಳುತ್ತೇನೆ. ನಾನು ನಡುವೆ ನಿಲ್ಲಿಸಿದರೆ ನೀವು ಇದನ್ನು ಗಟ್ಟಿಯಾಗಿ ಓದಿ. ಆಮೇಲೆ ಈ ಹಾಳೆಗಳನ್ನು ಜೋಪಾನವಾಗಿಡಿ. ತಾತನ ಮಾನ ಹೋಗುತ್ತದೆ, ಹರಿದುಹಾಕುತ್ತೇನೆ ಎಂದು ನಿಮ್ಮಪ್ಪನೇ ಬಂದು ಕೇಳಿದರೂ ಕೊಡಬೇಡಿ.