ಕುಂಕುಮ ಹಚ್ಚಿದ ಕಂಪ್ಯೂಟರ್

ಗೆಳೆಯರೇ, ಇವತ್ತು ಹಗರಿಬೊಮ್ಮನಹಳ್ಳಿಯಲ್ಲಿ ಬುದ್ಧಿ ಹೇಳಲು ಹೋಗಿ ಬೈಸಿಕೊಂಡು ಬಂದೆ. ಆನ್‌ಲೈನ್ ಸೆಂಟರ್ ಇಟ್ಟಿರುವ ಗೆಳೆಯ ಕೊಟ್ರೇಶ, ಅಗ್ಗಕ್ಕೆ ಸಿಕ್ಕಿತೆಂದು ಹೆಸರೇ ಕೇಳದ ಕಂಪನಿಯ ಅಂಗೈಯಗಲದ ಕಂಪ್ಯೂಟರ್ ತರಿಸಿದ್ದಾನೆ. ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಹೆಬ್ಬೆಟ್ಟು ಓದುವ ಯಂತ್ರ ಜೋಡಿಸಿ, ಪಿಂಚಣಿಗೆ ಬಂದವರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ.

"ಅದರಾಗ ಮಾಹಿತಿ ಕದಿಯೋ ಸಾಫ್ಟ್‌ವೇರ್ ಹಾಕೇ ಕಳಿಸಿರ್ತಾರಲೇ. ಮೊದ್ಲು ಎಲ್ಲಾ ಅಳಿಸಿ ಹೊಸದಾಗಿ ವಿಂಡೋಸ್ ಹಾಕು," ಎಂದೆ.

"ಪೂಜಿ ಆಗೇತಿ. ಈಗ ಅಳಿಸಿದ್ರ ಅಪಶಕುನ. ಅಮಾಸಿ ಕಳೀಲಿ, ನೋಡಾಣ."

ಸಾಲಿನಲ್ಲಿದ್ದ ನಮ್ಮವ್ವನ ಕೈ ಹಿಡಿದು ಹೊರಗೆ ಎಳೆದೆ. "ಮುಂಜಾನಿಂದ ನಿಂತೀನಿ, ಸುಮ್ನ ಹೋಗೋ," ಎಂದು ಕೊಡವಿಕೊಂಡಳು. ಆ ಪೆಟ್ಟಿಗೆಗೆ ಕೈಮುಗಿದು ಹೆಬ್ಬೆಟ್ಟು ಒತ್ತಿದಳು.

ಪಾಸ್‌ವರ್ಡ್ ಕದ್ದರೆ ಬೇರೆ ಇಟ್ಟುಕೊಳ್ಳಬಹುದು. ಅವ್ವನಿಗೆ ಬೇರೆ ಹೆಬ್ಬೆಟ್ಟು ಎಲ್ಲಿಂದ ತರಲಿ?