ಕ್ಯಾಮೆರಾದೊಳಗೆ ಬಾಗಿದ ಕಂಬ

ನನ್ನ ಕ್ಯಾಮೆರಾದ ಹಿಂಬದಿಯ ಪರದೆಯ ಮೇಲೆ ಮೂಗಿನ ಎಣ್ಣೆಗುರುತು ಯಾವಾಗಲೂ ಇರುತ್ತದೆ. ಬಲಗಣ್ಣಿಟ್ಟು ನೋಡುವವರ ಮೂಗು ಪಕ್ಕಕ್ಕೆ ಸರಿಯುತ್ತದೆ. ಎಡಗಣ್ಣಿನವರದು ನೇರ ಪರದೆಗೆ ಒತ್ತುತ್ತದೆ. ಇವತ್ತು ಬೆಳಿಗ್ಗೆಯೂ ಅದನ್ನು ಒರೆಸುತ್ತ ಕೂತಿದ್ದೆ. ನಾನು ಮೊದಲಿನಿಂದ ಎಡಗಣ್ಣಿನವನಲ್ಲ. ಅದನ್ನು ನಿಮಗೆ ಹೇಳಬೇಕು.

ನಿವೃತ್ತನಾದ ವರ್ಷ ಡಿಎಸ್‌ಎಲ್‌ಆರ್ ಕ್ಯಾಮೆರಾದ ಹುಚ್ಚು ಹಿಡಿಯಿತು. ಹೊಳೆದಂಡೆಯ ಹಕ್ಕಿಗಳ ಫೋಟೋ ತೆಗೆಯುವ ಆಸೆ. ತೀರಾ ದುಬಾರಿ ಬೇಡ, ಆಟಿಕೆಯೂ ಆಗಬಾರದು. ಎರಡು ತಿಂಗಳು ಫೋನಿನಲ್ಲಿ ಸೆನ್ಸರ್, ಲೆನ್ಸ್ ಎಂದು ಓದಿದ್ದೇ ಓದಿದ್ದು. ಅದರಲ್ಲಿ ಒಂದು ಮಾತು ಬಹಳ ಹಿಡಿಸಿತು: ಕಳಪೆ ಲೆನ್ಸು ನೇರ ಗೆರೆಯನ್ನು ಬಗ್ಗಿಸಿ ತೋರಿಸುತ್ತದೆ. ಹರಿಹರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ನೇರ ಗೆರೆಯ ವಿಷಯದಲ್ಲಿ ನನ್ನನ್ನು ಯಾರೂ ತಿದ್ದಿರಲಿಲ್ಲ.

ದಾವಣಗೆರೆಯ ವಿನೋಬನಗರದಲ್ಲಿ ಇಮಾಮ್ ಸಾಬರ ಸ್ಟುಡಿಯೋ. ಒಬ್ಬರು ಬಳಸಿ ಬಿಟ್ಟ ಕ್ಯಾಮೆರಾಗಳನ್ನೂ ಮಾರುತ್ತಿದ್ದರು. ಮೊದಲನೆಯದನ್ನು ಎತ್ತಿ, ಕಣ್ಣಿಗೊತ್ತಿ, ರಸ್ತೆಯಾಚೆಯ ಲೈಟ್ ಕಂಬದತ್ತ ಹಿಡಿದೆ. ಕಂಬ ಸೊಂಟ ತಿರುವಿ ನಿಂತಿತ್ತು.

"ಲೆನ್ಸ್ ಸರಿ ಇಲ್ಲ," ಎಂದೆ.

ಎರಡನೆಯದೂ ಹಾಗೇ. ಮೂರನೆಯದೂ.

"ಮೂರಕ್ಕೂ ಅದೇ ರೋಗ, ಸಾಬ್ರೆ. ಎಲ್ಲಿಂದ ತಂದ್ರಿ ಇವನ್ನ?"

ಇಮಾಮ್ ಸಾಬರು ಕ್ಯಾಮೆರಾ ಇಸಿದುಕೊಂಡು ನೋಡಿದರು. "ಕಂಬ ನೆಟ್ಟಗೈತಲ್ರಿ ಮೇಷ್ಟ್ರೆ. ನಮ್ಮ ಏರಿಯಾದಾಗ ನೆಟ್ಟಗಿರೋದು ಅದೊಂದೇ."

ನಾನು ನಗಲಿಲ್ಲ. ಅವರೂ ನಗು ನಿಲ್ಲಿಸಿದರು. "ಎಡಗಣ್ಣು ಇಡ್ರಿ ನೋಡೋಣ."

ಇಟ್ಟೆ. ಕಂಬ ನೆಟ್ಟಗಿತ್ತು.

"ಈಗ ಕ್ಯಾಮೆರಾ ಕೆಳಗಿಡ್ರಿ. ಎಡಗಣ್ಣು ಮುಚ್ಕಂಡು, ಬರೀ ಬಲಗಣ್ಣಲ್ಲಿ ನೋಡ್ರಿ."

ಕಂಬ ಬಾಗಿತ್ತು. ಅದರ ನಡುವೆ, ಒದ್ದೆ ಬೆರಳಲ್ಲಿ ತಿಕ್ಕಿದಂತೆ, ಒಂದು ಬೂದು ಕಲೆ. ಎಷ್ಟು ದಿನದಿಂದ ಇತ್ತೋ. ಎರಡೂ ಕಣ್ಣು ತೆರೆದಿರುವಾಗ ಒಳ್ಳೆಯ ಕಣ್ಣು ಇನ್ನೊಂದರ ತಪ್ಪನ್ನು ಮುಚ್ಚಿಕೊಂಡು ಬಂದಿತ್ತು. ಕೆಳಗಿಟ್ಟ ಕ್ಯಾಮೆರಾದತ್ತ ತಿರುಗಿದೆ.

"ಇದಕ್ಕೆಷ್ಟು?" ಎಂದು ಕೇಳಿದೆ. ಯಾಕೆ ಕೇಳಿದೆನೋ ಈಗಲೂ ತಿಳಿಯದು.

"ಇವತ್ತು ಮಾರಲ್ರಿ. ಮೊದ್ಲು ಕಣ್ಣಿನ ಡಾಕ್ಟ್ರ ಹತ್ರ ನಡೀರಿ," ಎಂದು ಅಂಗಡಿ ಬಾಗಿಲು ಅರ್ಧ ಎಳೆದು, ಆಟೋ ನಿಲ್ಲಿಸಿ, ತಾವೂ ಹತ್ತಿ ಕೂತರು.

ಕಣ್ಣಿನ ಒಳಪರದೆಯ ಅಡಿ ನೀರು ತುಂಬಿತ್ತಂತೆ. ಚುಚ್ಚುಮದ್ದು, ಅದೂ ಕಣ್ಣಿಗೇ. ಇನ್ನಷ್ಟು ಕೆಡದಂತೆ ತಡೆಯಲು ನೋಡೋಣ, ಕೆಟ್ಟದ್ದು ಪೂರ್ತಿ ಸರಿಹೋಗುವುದು ಕಷ್ಟ ಎಂದರು ಡಾಕ್ಟರು. ದಿನಾ ಬೆಳಿಗ್ಗೆ ಆ ಕಣ್ಣಿನಿಂದ ಯಾವುದಾದರೂ ನೇರ ಗೆರೆ ನೋಡಿ. ಹೆಚ್ಚು ಬಾಗಿದ್ದರೆ ಅವತ್ತೇ ಬನ್ನಿ ಎಂದರು.

ನಾಲ್ಕು ತಿಂಗಳ ಮೇಲೆ ಅಂಗಡಿಗೆ ಹೋದಾಗ ಇಮಾಮ್ ಸಾಬರು ನಾನು ಮೊದಲು ಬೈದ ಕ್ಯಾಮೆರಾವನ್ನೇ ತೆಗೆದಿಟ್ಟಿದ್ದರು. "ರೋಗ ಐತೆ ಅಂದಿದ್ರಲ್ಲ, ಅದೇ ಇದು. ಬ್ಯಾಡ ಅಂದ್ರೂ ಕೊಡ್ತೀನ್ರಿ." ಕೊಂಡೆ.

ಇವತ್ತು ಕ್ಯಾಮೆರಾದ ಪರದೆ ಒರೆಸಿಯಾಯಿತು. ಎಡಗಣ್ಣು ಮುಚ್ಚಿ ಬಾಗಿಲ ಚೌಕಟ್ಟು ನೋಡಿದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಹೆಂಗೈತ್ರಿ ಇವತ್ತು?" ಎಂದಳು ಹೆಂಡತಿ.

"ನಿನ್ನೆ ಬಾಗಿದ್ದಷ್ಟೇ," ಎಂದೆ.

ಪಾತ್ರೆಯ ಸದ್ದು ಮತ್ತೆ ಶುರುವಾಯಿತು. ನಾನು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊಳೆಯ ಕಡೆ ಹೊರಟೆ.